ಎದೆಯ ಮೇಲೆ ಎರಡು ಬೋಳು ಜಾಗ

ಅಪ್ಪನ ಕ್ಷೌರದಂಗಡಿಯಲ್ಲಿ ಮಗಳು ಕತ್ತರಿ ಹಿಡಿದು ವರ್ಷಗಳೇ ಆಗಿದ್ದವು. ಕ್ಷೌರದ ಕತ್ತಿಯನ್ನು ಮಾತ್ರ ಅಪ್ಪ ಮುಟ್ಟಗೊಡುತ್ತಿರಲಿಲ್ಲ. "ಕೂದಲು ತಪ್ಪಿದ್ರೆ ಬೆಳೆಯತ್ತೆ, ಕತ್ತು ಬೆಳೆಯತ್ತಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಅವಳಿಗೋ, ಆ ಕತ್ತಿಯ ಮೇಲೇ ಜೀವ.

ನಿಂತ ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರನ್ನು ಬೀದಿಯವರೆಲ್ಲ ಸೇರಿ ತರಿಸಿದಾಗ, ದಿನವಿಡೀ ಬಾಗಿಲು ತೆರೆದಿರುವ ಜಾಗ ನಮ್ಮದೇ ಎಂದು ಹಟ ಹಿಡಿದು ಅಂಗಡಿಯ ಗೋಡೆಗೆ ಹಾಕಿಸಿಕೊಂಡಳು. ತರಬೇತಿಗೂ ಹೋಗಿಬಂದು, ಅಪ್ಪನಿಗೂ ಎದೆ ಒತ್ತುವುದನ್ನು ಕಲಿಸಿದಳು.

"ಏನಮ್ಮಾ, ಗಡ್ಡ ಹೆರೆಯೋಕೆ ಬರಲ್ಲ, ಹೋದ ಜೀವ ವಾಪಸ್ ತರ್ತೀಯಾ?" ಎಂದು ಎದುರಿನ ಬೇಕರಿ ಮಾವ ಕಾಲೆಳೆದರು.

"ಬರಲ್ಲ ಅಂದವರ್ಯಾರು ಮಾವ? ಅಪ್ಪ ಬಿಡಲ್ಲ, ಅಷ್ಟೇ."

ಒಂದು ಬೆಳಿಗ್ಗೆ ಅದೇ ಮಾವ, ಮುಖದ ತುಂಬ ನೊರೆ, ಮಾತಾಡುತ್ತಲೇ ಕುರ್ಚಿಯಲ್ಲಿ ವಾಲಿಬಿಟ್ಟರು. ಕರೆದರೆ ಓಗೊಡಲಿಲ್ಲ, ಉಸಿರೂ ಇಲ್ಲ. ಸರದಿಗೆ ಕಾದು ಕೂತಿದ್ದ ಪೋಸ್ಟ್‌ಮ್ಯಾನ್ ಕಡೆ ತಿರುಗಿ ಮಗಳು ಕೂಗಿದಳು.

"ಪೋಸ್ಟ್‌ಮ್ಯಾನ್ ಅಣ್ಣ, ಆಂಬುಲೆನ್ಸ್ ಕರೀರಿ! ಅಪ್ಪಾ, ಕೆಳಗೆ ಮಲಗಿಸಿ, ಒತ್ತೋಕೆ ಶುರು ಮಾಡಿ!"

ಅವಳು ಯಂತ್ರ ತೆರೆದಳು. "ಬರಿ ಎದೆಗೆ ಪ್ಯಾಡ್ ಅಂಟಿಸಿ" ಎಂದಿತು ಅದು. ಅಂಗಿ ಹರಿದರೆ ಕರಡಿಯಂಥ ಎದೆ! ಪ್ಯಾಡ್ ಕೂದಲ ಮೇಲೇ ತೇಲಿತು. ಅದಕ್ಕೆಂದೇ ಯಂತ್ರದ ಚೀಲದಲ್ಲಿಟ್ಟಿದ್ದ ರೇಜರ್‌ಗಾಗಿ ತಡಕಾಡಿದಳು. ಚೀಲ ಖಾಲಿ.

"ನಾನೇ ಬಿಸಾಕಿದ್ದೆ ಕಣೇ," ಅಪ್ಪ ಒತ್ತುತ್ತಲೇ ಏದುಸಿರು ಬಿಟ್ಟರು. "ನನ್ನಂಗಡೀಲಿ ಪ್ಲಾಸ್ಟಿಕ್ ರೇಜರಾ ಅಂತ..."

"ಹಾಗಾದ್ರೆ ಕತ್ತಿ ಹಿಡೀರಿ!"

ಅಪ್ಪ ತಮ್ಮ ಕೈ ನೋಡಿಕೊಂಡರು. ಒತ್ತಿ ಒತ್ತಿ ಎರಡೂ ತರಗುಟ್ಟುತ್ತಿದ್ದವು. "ನನ್ನ ಕೈಲಾಗಲ್ಲ. ನೀನೇ ತಗೋ!"

ನೀರಿಲ್ಲ, ನೊರೆಯಿಲ್ಲ. ಬಲಗಡೆ ಕೊರಳೆಲುಬಿನ ಕೆಳಗೊಮ್ಮೆ, ಎಡ ಕಂಕುಳ ಕೆಳಗೊಮ್ಮೆ ಕತ್ತಿ ಸರ್ರನೆ ಆಡಿತು. ಪ್ಯಾಡ್ ಅಂಟಿತು. "ಯಾರೂ ಮುಟ್ಟಬೇಡಿ" ಎಂದಿತು ಯಂತ್ರ. ಮಾವನ ಮೈ ಒಮ್ಮೆ ಕುಲುಕಿತು. ಅಪ್ಪ ದಣಿದಿದ್ದರಿಂದ ಈ ಸಲ ಅವಳೇ ಎದೆ ಒತ್ತಿದಳು. ಒತ್ತುತ್ತಿರುವಾಗಲೇ ಮಾವ ನರಳಿ ಉಸಿರೆಳೆದರು.

ಆಸ್ಪತ್ರೆಯಿಂದ ಮರಳಿದ ಮಾವ ಅಂಗಡಿಯಲ್ಲೇ ಗುಂಡಿ ಬಿಚ್ಚಿ ಎದೆ ತೋರಿಸಿದರು. "ನೋಡ್ರಪ್ಪಾ, ಒಂದು ಗೀರಿಲ್ಲ! ಯಾರ ಕೈ ಇದು?"

"ನನ್ನ ಮಗಳದು," ಅಪ್ಪ ಬೀದಿಗೆಲ್ಲ ಕೇಳುವಂತೆ ಹೇಳಿದರು. "ಗಡ್ಡಕ್ಕೆ ಬಂದಿದ್ರೆ ಅವಳ ಹತ್ರ ಕೂತ್ಕೊಳ್ಳಿ."

ಹೇಳಿದವರೇ ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆದು, ಹಿಡಿಯನ್ನು ಮಗಳ ಕಡೆ ತಿರುಗಿಸಿ ನೀಡಿದರು.