ಚಿಗುರಿದ ಹಾಲುಗಂಬ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮೂರು ಹಂಗಳದಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ಆದರೆ ನಮ್ಮ ಮನೆ ಮುಂದಿನ ಆ ಅತ್ತಿ ಬೊಡ್ಡೆಯ ವಿಷಯದಲ್ಲಿ ನಾನು ಎಷ್ಟೋ ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆನಲ್ಲ, ಅದಕ್ಕೆ ಯಾರೊಬ್ಬರೂ ಭೇಷ್ ಅನ್ನಲಿಲ್ಲ.

ಅದು ಮರವಾಗಲಿ ಎಂದು ಯಾರೂ ನೆಟ್ಟಿದ್ದಲ್ಲ. ನಮ್ಮ ಕಡೆ ಮದುವೆ ಚಪ್ಪರಕ್ಕೆ ಮೊದಲು ನೆಡುವುದು ಹಾಲುಗಂಬ. ಹಾಲು ಬರುವ ಮರದ ಹಸಿ ಕೊಂಬೆಯೇ ಆಗಬೇಕು. ಅದಕ್ಕೆ ಅರಿಶಿನ ಹಚ್ಚಿ, ಹಾಲೆರೆದು ನಿಲ್ಲಿಸುತ್ತೇವೆ. ಮದುವೆ ಮುಗಿದು ಚಪ್ಪರ ಬಿಚ್ಚುವ ದಿನ ಮತ್ತೆ ಹಾಲೆರೆದು, ಕಿತ್ತು ಕೆರೆಗೆ ಬಿಡುತ್ತೇವೆ. ನನ್ನ ತಮ್ಮ ಮಹದೇವಪ್ಪನ ಒಬ್ಬಳೇ ಮಗಳು ಮೇಘನಾಳನ್ನು ಉಮ್ಮತ್ತೂರಿನ ಸುನೀಲ್ ಕುಮಾರನಿಗೆ ಕೊಟ್ಟಾಗಲೂ ಅತ್ತಿಯ ಕೊಂಬೆ ತಂದು ಹಾಗೇ ನೆಟ್ಟೆವು. ಕೀಳುವ ಹೊತ್ತಿಗೆ ಎಲ್ಲರಿಗೂ ಸುಸ್ತು. ಬೀಗರನ್ನು ಕಳಿಸಿ, ಪಾತ್ರೆ ತೊಳೆದು, ಚಪ್ಪರದ ಗರಿಯನ್ನು ಗಾಡಿಗೆ ತುಂಬುವಷ್ಟರಲ್ಲಿ ಸಾಕುಸಾಕಾಯಿತು. ಕಂಬ ಮಾತ್ರ ಅಲ್ಲೇ ಉಳಿಯಿತು.

ಮಳೆ ಬಿತ್ತು, ಕಂಬ ಚಿಗುರಿತು. ಮಹದೇವಪ್ಪನ ಸಂಭ್ರಮ ನೋಡಬೇಕಿತ್ತು. ಹೆಂಡತಿ ಸತ್ತಾಗಿನಿಂದ ನೆಟ್ಟಗೆ ನಕ್ಕಿರದ ನನ್ನ ತಮ್ಮ ಬೀದಿಯವರನ್ನೆಲ್ಲ ಕರೆದು ಆ ಎರಡು ಎಲೆ ತೋರಿಸಿದ. ಹಾಲುಗಂಬ ಚಿಗುರಿದರೆ ಮಗಳ ಬಾಳೂ ಚಿಗುರುತ್ತದೆ ಎಂದು ಯಾರೋ ಹೇಳಿದರು. ಸರಿ, ಸುತ್ತ ಕಲ್ಲು ಜೋಡಿಸಿದ, ದಿನಾ ನೀರು ಹೊಯ್ದ. ಹೆಂಗಸರು ಅರಿಶಿನ ಕುಂಕುಮ ಇಟ್ಟು ಹೋಗತೊಡಗಿದರು. ಅತ್ತಿ ಗಿಡಕ್ಕೆ ಇಷ್ಟು ಉಪಚಾರ ಸಿಕ್ಕರೆ ಕೇಳಬೇಕೆ? ನೋಡನೋಡುತ್ತ ಮರವಾಗಿ ನಿಂತಿತು. ಬೇರು ಜಗಲಿಯ ಕಲ್ಲನ್ನು ಎತ್ತಿತು, ಬಚ್ಚಲ ಮೋರಿಗೆ ನುಗ್ಗಿತು. ಹೋದ ವರ್ಷ ಕೊಂಬೆ ಕರೆಂಟ್ ತಂತಿಗೆ ತಾಗಿ ಕಿಡಿ ಹಾರಿದ ಮೇಲೆ ಬೀದಿಯವರೇ ಸೇರಿ ಕಡಿಸಿದರು. ಮೊಣಕಾಲುದ್ದದ ಬೊಡ್ಡೆಯನ್ನಾದರೂ ಬಿಡಿ ಎಂದು ತಮ್ಮ ಕೈ ಮುಗಿದ. ಬಿಟ್ಟರು. ಅದು ಸುತ್ತಲೂ ಚಿಗುರೊಡೆಯಿತು.

ಇಲ್ಲಿ ಬೊಡ್ಡೆ ಚಿಗುರುತ್ತಿದ್ದಾಗ ಅಲ್ಲಿ ಹುಡುಗಿ ಒಣಗುತ್ತಿದ್ದಳು. ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಗುಂಡ್ಲುಪೇಟೆ ಬಸ್ಸಿನಿಂದ ಮೇಘನಾ ಒಬ್ಬಳೇ ಇಳಿದು ಬಂದಳು. ಎಡಗೈಗೆ ಪಟ್ಟಿ. ಬಿದ್ದೆ ಎಂದಳು. ತಾಯಿ ಇಲ್ಲದ ಮಗುವನ್ನು ಸಾಕಿದವಳು ನಾನು, ನನಗೆ ಸುಳ್ಳು ಹೇಳಿದರೆ ನಡೆದೀತೇ? ಸಂಜೆ ತಲೆ ಬಾಚುವಾಗ ಬಾಯಿ ಬಿಟ್ಟಳು. ಗಂಡ ಮೊದಲಿನಿಂದಲೂ ಕೈ ಮಾಡುತ್ತಿದ್ದನಂತೆ, ಈ ಸಲ ತಿರುಚಿದ್ದಕ್ಕೆ ಮೂಳೆ ಬಿರುಕು ಬಿಟ್ಟಿದೆಯಂತೆ. ಇನ್ನು ಆ ಮನೆಗೆ ಹೋಗುವುದಿಲ್ಲ ಎಂದಳು. ಮಹದೇವಪ್ಪನೂ ಕೇಳಿಸಿಕೊಂಡು ಗೋಡೆ ಕಡೆ ತಿರುಗಿ ಕೂತ. ಕೆಟ್ಟವನಲ್ಲ ನನ್ನ ತಮ್ಮ, ಹೆದರುಪುಕ್ಕಲ. ಬೆಳಿಗ್ಗೆ ಎದ್ದವನೇ ಬೊಡ್ಡೆಗೆ ನೀರು ಹೊಯ್ದು, ಎಲ್ಲ ಸರಿಹೋಗುತ್ತದೆ, ಕಂಬ ಇನ್ನೂ ಚಿಗುರುತ್ತಿದೆಯಲ್ಲ ಎಂದ. ಚೊಂಬು ಕಿತ್ತುಕೊಂಡು ತಲೆಗೆ ಮೊಟಕೋಣ ಅನ್ನಿಸಿತು. ಮಗಳ ಎದುರಿಗೆ ಬೇಡ ಎಂದು ಸುಮ್ಮನಾದೆ.

ಮೇಘನಾಳಿಗೆ ಕೂತು ಅಭ್ಯಾಸವಿಲ್ಲ. ಪಟ್ಟಿ ಬಿಚ್ಚಿಸಿಕೊಂಡು ಬಂದ ಮಾರನೆಯ ದಿನವೇ ಕುಡುಗೋಲು ಹಿಡಿದು ಮನೆ ಮುಂದಿನ ಜಾಗಕ್ಕೆ ಇಳಿದಳು. ಜಾಗ ಅಂದರೆ ಎಷ್ಟು, ನಾಲ್ಕು ಮಡಿ ಸೊಪ್ಪು, ಒಂದು ಸಾಲು ಕನಕಾಂಬರ ಹಾಕುವಷ್ಟು. ಬೇಲಿಯ ಕಡೆಯಿಂದ ಲಂಟಾನ ನುಗ್ಗಿತ್ತು. ಬಂಡೀಪುರದ ಕಾಡನ್ನೇ ತಿಂದ ಗಿಡಕ್ಕೆ ನಮ್ಮ ಬೇಲಿ ಯಾವ ಲೆಕ್ಕ? ಅದರೊಳಗೆ ಪಾರ್ಥೇನಿಯಂ, ಕೆಳಗೆ ಗರಿಕೆ, ಎಲ್ಲದರ ಅಡಿಯಲ್ಲಿ ಜೇಕು. ಲಂಟಾನವನ್ನು ಕಡಿದು ಬುಡ ಅಗೆದರೆ ಮುಗಿಯಿತು, ಕೈ ಗೀರುತ್ತದೆ ಅಷ್ಟೆ. ಪಾರ್ಥೇನಿಯಂ ಮಳೆ ಬಿದ್ದ ಮಾರನೆಯ ದಿನ ಸಲೀಸಾಗಿ ಬರುತ್ತದೆ, ಮೂಗು ಮುಚ್ಚಿಕೊಂಡರಾಯಿತು. ಜೇಕು ಮಾತ್ರ ಮಹಾ ಖದೀಮ. ಎಳೆದರೆ ಎಲೆಯೇನೋ ಕೈಗೆ ಬರುತ್ತದೆ, ಗೆಡ್ಡೆ ಮಣ್ಣಲ್ಲೇ ಉಳಿದು ವಾರದೊಳಗೆ ಮತ್ತೆ ತಲೆ ಎತ್ತುತ್ತದೆ. ಆಳವಾಗಿ ಅಗೆದು, ಹೆಂಟೆ ಒಡೆದು, ಗೆಡ್ಡೆಗಳನ್ನು ಒಂದೊಂದಾಗಿ ಆರಿಸಬೇಕು.

ಅವಳು ಬಲಗೈಯಲ್ಲಿ ಕೆದಕಿದಳು, ನಾನು ಕುಕ್ಕರಗಾಲಲ್ಲಿ ಕೂತು ಆರಿಸಿದೆ. ಎದುರು ಮನೆಯ ಕರಿಬಸಮ್ಮ ಮೊದಲು ಬೇಲಿಯಾಚೆ ನಿಂತು ಬುದ್ಧಿ ಹೇಳಿದಳು. ಆಮೇಲೆ ತಡೆಯಲಾರದೆ ಸೆರಗು ಸಿಕ್ಕಿಸಿಕೊಂಡು ತಾನೂ ಬಂದು ಕೂತಳು. ಮೂರು ಹೆಂಗಸರು ಕೂತ ಮೇಲೆ ಮಾತಿಗೆ ಬರವೇ? ಕರಿಬಸಮ್ಮ ತನ್ನ ಸೊಸೆ ಮಾಡಿದ ಉಪ್ಪಿಲ್ಲದ ಸಾರಿನ ಕಥೆ ಹೇಳಿದಾಗ ಮೇಘನಾ ನಕ್ಕಳು. ಆ ಮನೆಯಿಂದ ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ, ಧೂಳು ಎಂದೆ.

ಜಾಗ ಚೊಕ್ಕಟವಾಯಿತು. ನಡುವೆ ಬೊಡ್ಡೆ ಮಾತ್ರ ಕುಂಕುಮ ಮೆತ್ತಿಕೊಂಡು ಕೂತಿತ್ತು. ಮೇಘನಾ ಅದರ ಸುತ್ತ ಅಗೆಯುತ್ತಿದ್ದಳು, ಅದನ್ನು ಮುಟ್ಟುತ್ತಿರಲಿಲ್ಲ.

ಆ ವಾರ ಉಮ್ಮತ್ತೂರಿನಿಂದ ಫೋನ್ ಬಂತು. ಸುನೀಲ್ ಕುಮಾರನ ದೊಡ್ಡಪ್ಪ ಗುರುಮಲ್ಲಯ್ಯ ಭಾನುವಾರ ಹಿರಿಯರ ಜೊತೆ ಬರುತ್ತಾರಂತೆ. ಹುಡುಗನನ್ನೂ ಕರೆತರುತ್ತಾರಂತೆ. ರಾಜಿ ಮಾಡಿ ಹುಡುಗಿಯನ್ನು ಕರೆದುಕೊಂಡು ಹೋಗುತ್ತಾರಂತೆ. ಮಹದೇವಪ್ಪ ಎಲ್ಲದಕ್ಕೂ ಹೂಂ ಹೂಂ ಎಂದು ಫೋನ್ ಇಟ್ಟ. ನಾನು ರೇಗಿದೆ. ಅವನು ಬೊಡ್ಡೆಯತ್ತ ಕೈ ತೋರಿಸಿ, ಕಡಿದರೂ ಚಿಗುರುತ್ತಿದೆ ಅಂದರೆ ದೇವರೇ ಹೋಗು ಅನ್ನುತ್ತಿದ್ದಾನೆ ಎಂದು ಅರ್ಥ, ನಾನು ಯಾರು ಬೇಡ ಅನ್ನೋಕೆ ಎಂದ. ಒಳಗೆ ಮೇಘನಾ ಅನ್ನಕ್ಕೆ ಇಟ್ಟಿದ್ದಳು. ಅವಳಿಗೆ ಕೇಳಿಸಿತು. ಅವಳು ಊಟ ಮಾಡಲಿಲ್ಲ.

ಶನಿವಾರ ಮಹದೇವಪ್ಪ ಹೊಲಕ್ಕೆ ಹೊರಟವನು ಆ ಕಡೆ ತಿರುಗುವುದಕ್ಕೇ ಕಾದಿದ್ದೆ. ಹಾರೆ ತೆಗೆದುಕೊಂಡೆ. ದೇವರು ಮಾತಾಡುವುದಾದರೆ ಬಾಯಲ್ಲಿ ಮಾತಾಡಲಿ, ಬೊಡ್ಡೆಯಲ್ಲಿ ಮಾತಾಡುವುದು ಬೇಡ ಎಂದು ಗೊಣಗಿಕೊಂಡು ಮೊದಲ ಏಟು ಹಾಕಿದೆ. ಮೇಘನಾ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋದಳು. ಕೊಡಲಿ ತಂದಳು. ನಾನು ಮಣ್ಣು ಸಡಿಲ ಮಾಡಿದ ಕಡೆಗೆಲ್ಲ ನೀರು ಹೊಯ್ದು, ಪಕ್ಕದ ಬೇರುಗಳನ್ನು ಒಂದೊಂದಾಗಿ ಕಡಿದಳು. ಕಡಿದಲ್ಲೆಲ್ಲ ಹಾಲು ಜಿನುಗಿತು. ಕರಿಬಸಮ್ಮ ಅಯ್ಯೋ ಶಿವನೇ ಎಂದು ಕೆನ್ನೆ ಬಡಿದುಕೊಂಡಳು. ಬಡಿದುಕೊಂಡೇ ಮಣ್ಣು ಹೊತ್ತು ಹಾಕಿದಳು, ಅದೇ ಅವಳ ದೊಡ್ಡತನ.

ಬಿಸಿಲೇರಿತು. ಸೊಂಟದವರೆಗೆ ಗುಂಡಿ ತೋಡಿದರೂ ಬೊಡ್ಡೆ ಮಿಸುಕಲಿಲ್ಲ. ಅಷ್ಟರಲ್ಲಿ ಮಹದೇವಪ್ಪ ಬಂದುಬಿಟ್ಟ. ಯಾರೋ ಓಡಿಹೋಗಿ ಸುದ್ದಿ ಮುಟ್ಟಿಸಿದ್ದರು, ನಮ್ಮ ಬೀದಿಯಲ್ಲಿ ಅದಕ್ಕೇನೂ ಕಡಿಮೆಯಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು.

“ಏನ್ ಮಾಡ್ಬುಟ್ರಿ? ಅದು ಅವ್ಳ ಬಾಳು ಕಣಕ್ಕ.”

ನನ್ನ ನಾಲಿಗೆ ತುದಿಯಲ್ಲಿ ಬೈಗುಳ ಸಿದ್ಧವಾಗಿತ್ತು. ಆದರೆ ಮೇಘನಾ ಕೊಡಲಿ ಕೆಳಗಿಟ್ಟು ಗುಂಡಿಯಿಂದ ಮೇಲೆ ಬಂದಳು. ಎಡಗೈ ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ. ಅದನ್ನು ಎದೆಗೆ ಒತ್ತಿಕೊಂಡು ಅಪ್ಪನ ಎದುರು ನಿಂತಳು.

“ಅತ್ತಿ ಕೊಂಬೆನ ಎಲ್ ನೆಟ್ರೂ ಚಿಗುರ್ತದ ಕಣಪ್ಪ. ನಾನು ಅತ್ತಿ ಮರ ಅಲ್ಲ.”

ಮಹದೇವಪ್ಪ ಅವಳ ಕೈಯನ್ನು ನೋಡಿದ. ಅವಳು ಬಂದು ಇಷ್ಟು ದಿನವಾದರೂ ಅವನು ಆ ಕೈಯನ್ನು ಸರಿಯಾಗಿ ನೋಡಿರಲಿಲ್ಲ, ನೋಡಿದರೆ ಏನಾದರೂ ಮಾಡಬೇಕಾಗುತ್ತಲ್ಲ ಎಂಬ ಹೆದರಿಕೆ. ಹೋಗಿ ಜಗಲಿಯ ಮೇಲೆ ನಮಗೆ ಬೆನ್ನು ಹಾಕಿ ಕೂತ. ನಾವು ಮತ್ತೆ ಗುಂಡಿಗಿಳಿದೆವು. ಮೀಟಿದರೂ ಬೊಡ್ಡೆ ಅಲುಗಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ನನ್ನ ಹಾರೆಯ ಮೇಲೆ ಇನ್ನೊಂದು ಕೈ ಬಿತ್ತು.

“ಬುಡು ಅಕ್ಕ,” ಎಂದ ಮಹದೇವಪ್ಪ.

ಬಿಡುವುದಿಲ್ಲ ಎಂದು ಹಾರೆಯನ್ನು ಬಿಗಿಯಾಗಿ ಹಿಡಿದೆ. ಇವನು ಜಗಳಕ್ಕೇ ಬಂದ ಎಂದುಕೊಂಡೆ. ಅವನು ಜಗಳ ಆಡಲಿಲ್ಲ. ತಾಯಿಬೇರು ಮನೆಯ ಕಡೆಗೆ ತಿರುಗಿದೆ, ನೀನು ಬೀದಿಯ ಕಡೆಯಿಂದ ಮೀಟುತ್ತಿದ್ದೀಯೆ, ಹೀಗೆ ಮೀಟಿದರೆ ಮುಂದಿನ ವರ್ಷಕ್ಕೂ ಬರುವುದಿಲ್ಲ ಎಂದು ನನ್ನನ್ನೇ ಗದರಿದ. ನಾನು ಹಾರೆ ಬಿಟ್ಟೆ. ಅವನು ಗುಂಡಿಗೆ ಇಳಿಯುವ ಮೊದಲು ಮಗಳ ಕಡೆ ತಿರುಗಿ, ಒಂದು ಲೋಟ ಹಾಲು ತಾ ಎಂದ.

ಹಾಲು ತಂದಳು. ಅವನು ಚಪ್ಪಲಿ ಬಿಟ್ಟು, ಬೊಡ್ಡೆಯ ಮೇಲೆ ಹಾಲೆರೆದು ಕೈ ಮುಗಿದ. ಮದುವೆಯ ಚಪ್ಪರ ಬಿಚ್ಚಿದ ದಿನ ಮಾಡಬೇಕಾಗಿದ್ದ ಶಾಸ್ತ್ರವನ್ನು ಅಂದು ಮಾಡಿದ. ಆಮೇಲೆ ಹಾರೆಯನ್ನು ಮನೆಯ ಕಡೆಯಿಂದ ತೂರಿಸಿ ಮೀಟಿದ. ನಾವು ಮೂವರು ಹೆಂಗಸರು ಬೊಡ್ಡೆಗೆ ಹಗ್ಗ ಬಿಗಿದು ಎಳೆದೆವು. ಒಳಗೆಲ್ಲೋ ಬೇರು ಲಟಕ್ ಎಂದಿತು. ಬೊಡ್ಡೆ ಪಕ್ಕಕ್ಕೆ ಉರುಳಿತು, ಕರಿಬಸಮ್ಮ ಹಿಂದಕ್ಕೆ ಉರುಳಿದಳು. ಅವಳನ್ನು ಎಬ್ಬಿಸುತ್ತ ನಾನೂ ಮೇಘನಾಳೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮಹದೇವಪ್ಪ ನಗಲಿಲ್ಲ. ಹಾರೆಯನ್ನು ಊರಿಕೊಂಡು ಉಸಿರು ಬಿಡುತ್ತ ನಿಂತಿದ್ದ. ಸಂಜೆ ತಾನೇ ಗಾಡಿಗೆ ಹಾಕಿಕೊಂಡು ಬೊಡ್ಡೆಯನ್ನು ಕೆರೆಗೆ ಬಿಟ್ಟು ಬಂದ.

ಭಾನುವಾರ ಹತ್ತರ ಹೊತ್ತಿಗೆ ಕಾರು ಬಂತು. ಗುರುಮಲ್ಲಯ್ಯ, ಇನ್ನಿಬ್ಬರು ಹಿರಿಯರು, ಹಿಂದೆ ಇಸ್ತ್ರಿ ಅಂಗಿಯ ಸುನೀಲ್ ಕುಮಾರ. ಬಂದವರಿಗೆ ನೀರು ಕೊಟ್ಟೆ, ಕಾಫಿ ಕೊಟ್ಟೆ, ಮುಖ ಮಾತ್ರ ಕೊಡಲಿಲ್ಲ. ಗುರುಮಲ್ಲಯ್ಯ ದೊಡ್ಡ ಮಾತುಗಾರ. ಸಂಸಾರ ಅಂದಮೇಲೆ ಒಂದು ಮಾತು ಬರುತ್ತದೆ ಹೋಗುತ್ತದೆ, ಹುಡುಗನಿಗೆ ಬುದ್ಧಿ ಹೇಳಿದ್ದೇವೆ, ಇನ್ನು ಕೈ ಎತ್ತುವುದಿಲ್ಲ ಎಂದು ಆಣೆ ಮಾಡಿದ್ದಾನೆ ಎಂದೆಲ್ಲ ಹೇಳಿದರು. ಹುಡುಗ ನೆಲ ನೋಡುತ್ತ ಕೂತಿದ್ದ. ಅವನ ಮೊಬೈಲು ಹೊಡೆದುಕೊಳ್ಳುತ್ತಲೇ ಇತ್ತು, ಅದನ್ನಾದರೂ ಆರಿಸುವ ಮರ್ಯಾದೆ ಇರಲಿಲ್ಲ. ಮೇಘನಾ ಅಡುಗೆಮನೆಯ ಬಾಗಿಲ ಹಿಂದೆ ನನ್ನ ಸೆರಗು ಹಿಡಿದು ನಿಂತಿದ್ದಳು, ಚಿಕ್ಕವಳಿದ್ದಾಗ ನಿಲ್ಲುತ್ತಿದ್ದ ಹಾಗೆ. ಅವಳ ಉಸಿರು ನನ್ನ ಬೆನ್ನಿಗೆ ತಾಗುತ್ತಿತ್ತು. ತಮ್ಮ ಎಲ್ಲಿ ಮತ್ತೆ ಹೂಂ ಎಂದುಬಿಡುತ್ತಾನೋ ಎಂದು ನಾನು ಅವನ ಬಾಯನ್ನೇ ನೋಡುತ್ತಿದ್ದೆ.

ಮಾತು ಮುಗಿಸಿ ಗುರುಮಲ್ಲಯ್ಯ ಹೊರಗೆ ಕಣ್ಣಾಡಿಸಿದರು. ಅಲ್ಲಿ ಹಾಲುಗಂಬ ಚಿಗುರಿತ್ತಲ್ಲ, ಎಲ್ಲಿ ಎಂದು ಕೇಳಿದರು.

“ನಾನೇ ಕಿತ್ತಾಕ್ದಿ,” ಎಂದ ಮಹದೇವಪ್ಪ. ದನಿ ನಡುಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. “ಮಗ್ಳು ಬರದಿಲ್ಲ ಸ್ವಾಮಿ. ನಾನು ಕಳ್ಸದೂ ಇಲ್ಲ.”

ಹಿರಿಯರು ಇನ್ನೂ ಸ್ವಲ್ಪ ಹೊತ್ತು ಎಳೆದಾಡಿದರು. ಒಬ್ಬರು ಮರ್ಯಾದೆಯ ಮಾತೆತ್ತಿದರು. ಮಹದೇವಪ್ಪ ಕೈ ಮುಗಿದ, ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ಸುನೀಲ್ ಕುಮಾರ ಎದ್ದು ಯಾರಿಗೂ ಹೇಳದೆ ಕಾರಿನ ಕಡೆ ನಡೆದ. ಕಾರು ಗುಂಡ್ಲುಪೇಟೆ ರಸ್ತೆಗೆ ತಿರುಗುವವರೆಗೂ ನಾವು ಯಾರೂ ಅಲುಗಾಡಲಿಲ್ಲ. ಆಮೇಲೆ ಬೆನ್ನಿನ ಹಿಂದೆ ಬಿಕ್ಕುವುದು ಕೇಳಿಸಿತು. ತಿರುಗಿ ನೋಡಿದರೆ ಮೇಘನಾ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಹಸಿವು ಅತ್ತೆ ಎಂದಳು. ನನಗೆ ಹೋದ ಜೀವ ಬಂದಂತಾಯಿತು. ಹಿರಿಯರಿಗೆಂದು ಮಾಡಿದ್ದ ಪಾಯಸವನ್ನೆಲ್ಲ ಅವಳ ಮುಂದೆ ಇಟ್ಟೆ.

ಊಟವಾದ ಮೇಲೆ ಅಪ್ಪ ಮಗಳು ಗುಂಡಿಗೆ ಮಣ್ಣು ಎಳೆದರು. ಅವನು ಅವಳಿಗೆ ಭಾರ ಎತ್ತಲು ಬಿಡಲಿಲ್ಲ. ಮುಚ್ಚಿದ ಮಣ್ಣನ್ನು ತುಳಿದು ಸಮ ಮಾಡಿ, ಇಲ್ಲಿಗೆ ಏನು ಬೇಕು ಹೇಳು, ಮಲ್ಲಿಗೆ ಬೇಕಾದರೆ ನಾಳೆಯೇ ಸಸಿ ತರುತ್ತೇನೆ ಎಂದ.

ಮೇಘನಾ ಆ ಜಾಗವನ್ನು ನೋಡುತ್ತ ನಿಂತಳು.

“ಏನೂ ಬ್ಯಾಡ ಕಣಪ್ಪ. ವಸಿ ದಿನ ಸುಮ್ನೆ ಇರ್ಲಿ ಬುಡು.”

ಮಹದೇವಪ್ಪ ತಲೆಯಾಡಿಸಿದ. ಬರಿ ನೆಲದ ಪಕ್ಕದಲ್ಲಿ ಇಬ್ಬರೂ ಕೂತರು, ನಾನು ಕಾಫಿಗೆ ಇಟ್ಟೆ.