ಮಕ್ಕಳ ತಲೆಯ ಮೇಲಿನ ಆಣೆ

ಯಶವಂತನಗರದ ಆಚೆಗಿನ ಆ ಅದಿರು ಯಾರ್ಡಿನಲ್ಲಿ ಹೆಂಗಸರು ಬೆಳಗ್ಗೆ ಕೆಲಸಕ್ಕೆ ಇಳಿದರೆ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಲು ಪಾಯಿಖಾನೆ ಇರಲಿಲ್ಲ. ಗಂಡಸರಿಗೇನು, ಲಾರಿಯ ಮರೆ ಸಾಕು. ಆ ಹೆಂಗಸರಲ್ಲೊಬ್ಬಳಾದ ಕೊಟ್ರಬಸಮ್ಮ ಇದನ್ನು ಕೇಳಲು ಹೋದಾಗೆಲ್ಲ ಕಂಪನಿ ಗುತ್ತಿಗೆ ಮೇಸ್ತ್ರಿಯ ಕಡೆ ಕೈ ತೋರಿಸುತ್ತಿತ್ತು, ಮೇಸ್ತ್ರಿ ಕಂಪನಿಯ ಕಡೆ.

ಲೋಡರ್ ಓಡಿಸುವ ಮಲ್ಲೇಶ್ ಸಂಘದ ಮಾತು ತಂದ. ಹೊಸ ಕಾನೂನಿನಲ್ಲಿ ಕೆಲಸಗಾರರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಒಂದು ಸಂಘಕ್ಕೆ ಸೇರಿದರೆ ಕಂಪನಿ ಅದರ ಜೊತೆ ಕೂತು ಮಾತಾಡಲೇಬೇಕಂತೆ. ಸೇರಿದ್ದಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವ ಹಾಗಿಲ್ಲವಂತೆ. ಗಂಡಸರು ಸೇರಿದರು. ಹೆಂಗಸರು ಬಾರದೆ ಅರ್ಧ ದಾಟುತ್ತಿರಲಿಲ್ಲ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮೇಸ್ತ್ರಿ ನಾಗೇಂದ್ರಪ್ಪ ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಯಾರನ್ನೂ ಗದರಿಸಲಿಲ್ಲ. ಕೊಟ್ಟೂರಿನಿಂದ ಸ್ವಾಮಿಯ ವಿಭೂತಿ ತಂದ, ಮನೆಮನೆಗೆ ಹೋದ, ಒಬ್ಬೊಬ್ಬಳ ಕೈಯನ್ನೂ ಅವಳ ಮನೆಯ ಕೂಸಿನ ತಲೆಯ ಮೇಲೆ ಇಡಿಸಿ, ಸಂಘ ಸೇರುವುದಿಲ್ಲ ಎಂದು ಆಣೆ ಮಾಡಿಸಿದ. ವಿಭೂತಿ ಹಿಡಿದು ಬಾಗಿಲಿಗೆ ಬಂದವನ ಮೇಲೆ ಯಾರು ತಾನೇ ದೂರು ಕೊಟ್ಟಾರು? ಕೊಟ್ರಬಸಮ್ಮನೂ ಕಾಲೇಜಿಗೆ ಹೋಗುವ ಮಗಳು ಸ್ಫೂರ್ತಿಯ ತಲೆ ಮುಟ್ಟಿದಳು.

ಅವನು ಅತ್ತ ಹೋದದ್ದೇ ತಡ, ಸ್ಫೂರ್ತಿ ತಾಯಿಯ ಮೇಲೆ ಹರಿಹಾಯ್ದಳು. "ತಲಿ ನಂದು. ನನ್ನ ಕೇಳದಂಗ ಒತ್ತಿ ಇಡಾಕ ನೀ ಯಾರವ್ವಾ? ನೀರು ಕುಡೀದಂಗ ದುಡಿದು ನೀನ ಸತ್ರ, ನನ್ನ ತಲಿ ಉಳಿದು ಏನ್ ಮಾಡ್ಬೇಕು?"

ಮಗಳ ಮಾತು ನಾಟಿತು. ಕೊಟ್ರಬಸಮ್ಮ ಮರುದಿನವೇ ಸಂಘಕ್ಕೆ ಸೇರಿದಳು. ಹೆಂಗಸರಲ್ಲಿ ಅವಳೊಬ್ಬಳೇ.

ಆ ವಾರದಲ್ಲೇ ಸ್ಫೂರ್ತಿ ಜ್ವರದಿಂದ ಮಲಗಿದಳು. ಸಂಡೂರಿನ ಡಾಕ್ಟರು ಡೆಂಗಿ ಎಂದು ಹೇಳಿ ಹೊಸಪೇಟೆಯ ಆಸ್ಪತ್ರೆಗೆ ಕಳಿಸಿದರು. ಊರಲ್ಲೆಲ್ಲ ಅದೇ ಜ್ವರವಿತ್ತು. ಆಣೆ ಮುರಿಯದವರ ಮಕ್ಕಳನ್ನೇನೂ ಅದು ಬಿಟ್ಟಿರಲಿಲ್ಲ. ಆದರೆ ಹೆತ್ತ ಕರುಳಿಗೆ ಅದನ್ನು ತಿಳಿಹೇಳುವವರು ಯಾರು? ಗ್ಲೂಕೋಸ್ ಬಾಟಲಿ ನೋಡುತ್ತ ಕೂತ ಕೊಟ್ರಬಸಮ್ಮ ಆಣೆ ಮುರಿದು ಎಷ್ಟು ದಿನವಾಯಿತೆಂದು ಬೆರಳು ಮಡಚಿ ಎಣಿಸುತ್ತಿದ್ದಳು.

ನಾಗೇಂದ್ರಪ್ಪ ಎಳನೀರು ಹಿಡಿದುಕೊಂಡು ಬಂದ. "ಅಕ್ಕಾ, ನಾ ಏನೂ ಅನ್ನಂಗಿಲ್ಲ. ಸಂಘ ಬಿಟ್ಟೆ ಅಂತ ಒಂದು ಮಾತು ಹೇಳಿಬಿಡ್ರಿ. ಸ್ವಾಮಿಗೆ ತಪ್ಪು ಕಾಣಿಕಿ ನಾನ ಹಾಕ್ತೀನಿ."

ಹೂಂ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಯಾರ್ಡಿನ ಹೆಂಗಸರು ಹುಡುಗಿಯನ್ನು ನೋಡಲು ಬಂದರು. ಅವರಲ್ಲಿ ಹಿರಿಯಳು ಪಕೀರಮ್ಮ, ತಾಯಿಯಿಲ್ಲದ ಮೊಮ್ಮಗನನ್ನು ಸಾಕುತ್ತಿದ್ದವಳು. ಅವನ ತಲೆಯ ಮೇಲೆಯೇ ಆಣೆ ಇಟ್ಟಿದ್ದಳು. ಮಲಗಿದ ಸ್ಫೂರ್ತಿಯ ಕಾಲು ಸವರುತ್ತ, "ಅಂಜಬ್ಯಾಡ ಯವ್ವಾ. ನಿನ್ನ ಮಗಳು ಎದ್ದು ಕುಂತಳಂದ್ರ ನಾವೂ ಸಂಘಕ್ಕ ಬರ್ತೀವಿ," ಎಂದಳು. ಸಮಾಧಾನಕ್ಕೆಂದೇ ಆಡಿದ ಮಾತು ಅದು.

ಕೊಟ್ರಬಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಏಳಲಿಲ್ಲಂದ್ರ? ಅವಾಗ ಮೇಸ್ತ್ರಿ ಗೆದ್ದಂಗೇನು? ನನ್ನ ಕೂಸಿನ ಜ್ವರ ನೋಡಿ ಸೇರೋದಾದ್ರ ಅದು ಸಂಘ ಅಲ್ಲ ಪಕೀರಮ್ಮ. ಅಂಜಿಕಿ ನನಗೂ ಭಾಳ ಐತಿ. ನಾ ಒಬ್ಬಾಕಿನ ಯಾಕ ಅಂಜಲಿ? ನನ್ನ ಜೋಡಿ ಅಂಜ್ರಿ, ಬರ್ರಿ." ಅವಳು ನಾಗೇಂದ್ರಪ್ಪನ ಕಡೆ ತಿರುಗಿದಳು. "ನಾ ಬಿಡಂಗಿಲ್ಲ. ನೀವು ನಡೀರಿ."

ನಾಗೇಂದ್ರಪ್ಪ ಎಳನೀರನ್ನು ಕಿಟಕಿಯಲ್ಲಿಟ್ಟು ಹೋದ. ಇಬ್ಬರು ಹೆಂಗಸರು ಸೆರಗು ಮುಚ್ಚಿಕೊಂಡು ಅವನ ಹಿಂದೆಯೇ ಜಾರಿಕೊಂಡರು. ಉಳಿದವರು ಅಲ್ಲೇ ನಿಂತರು. ಪಕೀರಮ್ಮ ಅಳುತ್ತಿದ್ದಳು. ಮನೆಯಲ್ಲಿ ಬಿಟ್ಟು ಬಂದ ಮೊಮ್ಮಗನ ಮುಖ ಅವಳ ಕಣ್ಣಿಗೆ ಕಟ್ಟಿದೆಯೆಂದು ಕೊಟ್ರಬಸಮ್ಮನಿಗೆ ಗೊತ್ತಿತ್ತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕೊನೆಗೆ ಪಕೀರಮ್ಮ ಮೂಗೊರೆಸಿಕೊಂಡಳು.

"ಮಲ್ಲೇಶಗ ಫೋನ್ ಹಚ್ಚಿಕೊಡವ್ವಾ."

ಕೊಟ್ರಬಸಮ್ಮ ಹಚ್ಚಿಕೊಟ್ಟಳು. ಮುದುಕಿ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. "ಮಲ್ಲೇಶಾ, ನಾನಪ್ಪಾ, ಪಕೀರಮ್ಮ. ನನ್ನೂ ಸೇರಿಸ್ಕೋ. ತಡಿ, ಇಟ್ಟುಬಿಡಬ್ಯಾಡ, ಇಲ್ಲಿ ಇನ್ನೂ ಮಂದಿ ಅದಾರ, ಕೊಡ್ತೀನಿ."

ಫೋನು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಸ್ಫೂರ್ತಿಯ ಜ್ವರ ಇನ್ನೂ ಇಳಿದಿರಲಿಲ್ಲ.