ಯಂಕಣ್ಣನ ಹೋಟೆಲಿಗೆ ಹೋದ ದೋಣಿ

ಫೋನಿಗೆ ಬೀಗ ಹಾಕಬೇಕೆ ಬೇಡವೆ ಎಂಬ ಮಹತ್ತರವಾದ ಪ್ರಶ್ನೆಯನ್ನು ತೀರ್ಮಾನಿಸಲು ಮುಂಬಯಿ ಬಳಿಯ ಕಲ್ಯಾಣದಲ್ಲಿ, ಖಾಡಿ ಎಂದು ಕರೆಯುವ ಸಮುದ್ರದ ಹಿನ್ನೀರಿನ ದಂಡೆಯ ಓಣಿಯೊಂದರಲ್ಲಿ ಒಂದು ಭಾನುವಾರ ಸಭೆ ಸೇರಿತು. ಓಣಿಯ ಏಕೈಕ ನಲ್ಲಿ ಮುರಿದಾಗಲೂ ಅಷ್ಟು ಜನ ಸೇರಿರಲಿಲ್ಲ. ಫೋನು ನಾಗವೇಣಿಯದು. ಆದರೆ ಊರಿಗೆ ಮಾತಾಡಲು ಪಕ್ಕದ ಮನೆಯವರು, ಹಾಡು ಕೇಳಲು ಎದುರು ಮನೆಯವರು, ಸುಮ್ಮನೆ ನೋಡಲು ಮಾವ ಸೈದಪ್ಪ, ಹೀಗೆ ಎಲ್ಲರೂ ಅದನ್ನು ಬಳಸುತ್ತಿದ್ದುದರಿಂದ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು.

ಬೀಗದ ಮಾತು ತೆಗೆದವರು ಜಯಲತಾ. ಉಡುಪಿ ಕಡೆಯವರು, ಮನೆ ಡೊಂಬಿವಲಿಯಲ್ಲಿ. ಮಳೆಗಾಲದಲ್ಲಿ ಖಾಡಿಯ ನೀರು ಉಕ್ಕಿದಾಗ ದಂಡೆಯ ಜನರನ್ನು ದೋಣಿಯಲ್ಲಿ ಸಾಗಿಸುವ ಒಂದು ಸೇವಾ ಸಂಸ್ಥೆಗೆ ದುಡಿಯುತ್ತಾರೆ. ಆ ಸಂಸ್ಥೆಗೊಂದು ನಕ್ಷೆ ಬೇಕಿತ್ತು. ಪ್ರತಿ ಮನೆಯ ಮುಂದೆ ನಿಂತು ಮೊಬೈಲಿನಲ್ಲಿ ಒಂದು ಚುಕ್ಕೆ ಇಡಬೇಕು. ಮನೆಯಲ್ಲಿ ನಡೆಯಲಾರದವರಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ನೀರು ಬಂದ ದಿನ ದೋಣಿ ಮೊದಲು ಕೆಂಪು ಚುಕ್ಕೆಗಳಿಗೆ ಹೋಗುತ್ತದೆ. ಓಣಿಯ ಸ್ವಸಹಾಯ ಗುಂಪಿನಿಂದ ಈ ಕೆಲಸಕ್ಕೆ ಆಯ್ಕೆಯಾದವಳು ನಾಗವೇಣಿ.

“ಈ ಆ್ಯಪು ನಿಮ್ಮ ಹೆಸರಲ್ಲಿ ಉಂಟು,” ಎಂದರು ಜಯಲತಾ. “ಇದರಲ್ಲಿ ಯಾರು ಎಂತ ತಿದ್ದಿದರೂ ನಾಗವೇಣಿ ತಿದ್ದಿದ್ದು ಅಂತಲೇ ಬರ್ತದೆ. ಹಾಗಾಗಿ ಫೋನಿಗೊಂದು ಲಾಕ್, ಆ್ಯಪಿಗೊಂದು ಪಿನ್. ಎರಡೂ ನಿಮಗೆ ಮಾತ್ರ ಗೊತ್ತಿರಬೇಕು.”

ಸೈದಪ್ಪನಿಗೆ ಇದು ಹಿಡಿಸಲಿಲ್ಲ. ಅವನು ಕಲಬುರಗಿ ಕಡೆಯವನು, ಭಿವಂಡಿಯ ಗೋದಾಮಿನಲ್ಲಿ ಹಮಾಲಿ.

“ಸೊಸಿ ಫೋನಿಗಿ ಲಾಕ್ ಅಂದ್ರ ಮಂದಿ ಏನಂತಾರರೀ ಬಾಯಾರ? ನಮ್ಮ ಮಗ ಅಂಬಾದಾಸ ಲಾರಿ ಮ್ಯಾಲ ಊರೂರು ತಿರಗ್ತಾನ, ಇಕಿ ಇಲ್ಲಿ ಏನೋ ಮುಚ್ಚಿಟ್ಕೊಂಡು ಕುಂತಾಳ ಅಂತಾರ.”

“ಮಂದಿ ಯಾಕಂತಾರ? ನೀನಾ ಅಂತಿ,” ಎಂಬ ಮಾತು ಒಳಗಿನ ಮಂಚದಿಂದ ಬಂತು. ಅದು ಸೈದಪ್ಪನ ಹೆಂಡತಿ ಮರಗಮ್ಮ. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುವಾಗ ಬಿದ್ದು ಸೊಂಟ ಮುರಿದ ಮೇಲೆ ಅವಳು ನಡೆಯಲಾರಳು. ನಾಲಿಗೆಗೆ ಏನೂ ಆಗಿರಲಿಲ್ಲ. “ಆದ್ರೂ ಬಾಯಾರ, ನಮ್ಮ ಮನಿಗೇ ಬಾಗಲಾ ಇಲ್ಲ, ಪಡದಾ ಅದ. ಫೋನಿಗಿ ಎಲ್ಲೀದು ಬೀಗಾ?”

ಎಲ್ಲರೂ ನಕ್ಕರು. ಜಯಲತಾ ಕೂಡ ನಕ್ಕರು. ಅವರಿಗೆ ಲೋಕಲ್ ರೈಲು ಹಿಡಿಯುವ ಅವಸರವಿತ್ತು. “ಆಯ್ತು ಮಾರಾಯ್ರೆ, ಮನೆಯೊಳಗಿನ ಫೋನು ತಾನೆ. ಮುಂದೆ ನೋಡುವ,” ಎಂದು ಎದ್ದರು. ಬೀಗದ ಪ್ರಸ್ತಾಪ ಸರ್ವಾನುಮತದಿಂದ ಬಿದ್ದುಹೋಯಿತು.

ನಾಗವೇಣಿ ಮೊದಲ ಚುಕ್ಕೆಯನ್ನು ತನ್ನ ಮನೆಗೇ ಇಟ್ಟಳು. ಅತ್ತೆಗೆ ತೋರಿಸಿದಳು. “ಅತ್ತಿ, ಇದು ನೀನು.”

“ಇಷ್ಟಾ? ಕುಂಕುಮದ ಬಟ್ಟಿನಷ್ಟು ಇದ್ದೀನಿ ನೋಡು.”

“ನೀರು ಬಂದ್ರ ಮೊದಲ ನಿನಗಾ ಒಯ್ಲಕ ಬರ್ತಾರ.”

“ಮೊದಲ ನನಗಾ?” ಮರಗಮ್ಮ ಆ ಚುಕ್ಕೆಯನ್ನು ಇನ್ನಷ್ಟು ಹತ್ತಿರ ಹಿಡಿದು ನೋಡಿದಳು. “ಹುಟ್ಟಿದಾಗಿಂದ ಯಾವದ್ರಾಗೂ ಮೊದಲ ಇರಲಿಲ್ಲವಾ ನಾ.”

ಆ ಹೊತ್ತಿಗೆ ಸೈದಪ್ಪ ಗೋದಾಮಿನಲ್ಲಿದ್ದ. ನಕ್ಷೆ ಅವನ ಕಣ್ಣಿಗೆ ಬಿದ್ದದ್ದು ಮುಂದಿನ ರಜೆಯ ದಿನ, ಫೋನು ಚಾರ್ಜಿಗಿದ್ದಾಗ. ಓಣಿಯ ಈ ಸಾಲಿನ ಚುಕ್ಕೆಗಳೆಲ್ಲ ಹಸಿರು. ಅವನ ಮನೆಯದೊಂದೇ ಕೆಂಪು.

ಕೆಂಪು ಬಣ್ಣದ ವಿಷಯದಲ್ಲಿ ಸೈದಪ್ಪನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಮೊದಲು ನವಿ ಮುಂಬಯಿಯಲ್ಲಿ, ಆಮೇಲೆ ಮಾಜಿವಾಡಾದ ಹೈವೇ ಬದಿಯಲ್ಲಿ ಅವನ ಗುಡಿಸಲಿನ ತಗಡಿಗೆ ಯಾರೋ ಬಂದು ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋಗಿದ್ದರು. ಎರಡು ಸಲವೂ ಗುರುತಿನ ಹಿಂದೆಯೇ ಜೆಸಿಬಿ ಬಂದಿತ್ತು. ಎರಡನೆಯ ಸಲ ಮರಗಮ್ಮನನ್ನು ಮಂಚದ ಸಮೇತ ಎತ್ತಿ ರಸ್ತೆಯಲ್ಲಿಡಬೇಕಾಯಿತು.

“ನಾಗವೇಣಿ, ನಮ್ಮ ಮನಿಗಷ್ಟಾ ಕೆಂಪ್ಯಾಕ?”

“ಗುಂಪಿನ ಮೀಟಿಂಗ್ ಅದ ಮಾವಾ, ಬಂದು ಹೇಳ್ತೀನಿ,” ಎನ್ನುತ್ತಾ ಅವಳು ಚಪ್ಪಲಿ ಮೆಟ್ಟಿದಳು.

ಮಂಚದ ಮೇಲೆ ನಿದ್ದೆ ಹೋಗಿದ್ದ ಹೆಂಡತಿಯನ್ನು ಎಬ್ಬಿಸಿ ಕೇಳಬಹುದಿತ್ತು. ಆದರೆ ಒಬ್ಬರನ್ನೊಬ್ಬರು ಏನೂ ಕೇಳದೆ ಸಂಸಾರ ನಡೆಸುವುದನ್ನು ಅವರಿಬ್ಬರೂ ಚೆನ್ನಾಗಿ ರೂಢಿಸಿಕೊಂಡಿದ್ದರು. ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿದರೆ ಅದು ಏಳುತ್ತದೆ, ಎಳೆದ ಕಡೆಗೆ ಬರುತ್ತದೆ ಎಂದು ಜಯಲತಾ ಸೊಸೆಗೆ ಕಲಿಸುವಾಗ ಸೈದಪ್ಪ ಪಕ್ಕದಲ್ಲೇ ಬೀಡಿ ಸೇದುತ್ತಿದ್ದ. ಈಗ ಒತ್ತಿ ಹಿಡಿದ. ಚುಕ್ಕೆ ಎದ್ದಿತು. ಅದನ್ನು ಖಾಡಿ ದಂಡೆಯಿಂದ ಎಳೆದು ದೊಡ್ಡ ರಸ್ತೆಗೆ ತಂದು, ಯಂಕಣ್ಣನ ಚಹಾ ಹೋಟೆಲಿನ ಮೇಲೆ ಕೂರಿಸಿದ. ಯಂಕಣ್ಣನಿಗೆ ಕಾಗದಪತ್ರವಿತ್ತು, ಸ್ವಂತ ಹೆಸರಿನ ಮೀಟರಿತ್ತು. ಅಲ್ಲಿಗೆ ಜೆಸಿಬಿ ಎಂದೂ ಬಂದದ್ದಿಲ್ಲ. ಉಳಿಸಲೇ ಎಂದು ಫೋನು ಕೇಳಿತು. ಉಳಿಸು ಎಂದ.

ಸಂಜೆ ಅವನು ಜಿಲೇಬಿ ತಂದ.

“ಯಾಕ, ಏನ್ ಹಬ್ಬಾ?” ಎಂದಳು ಮರಗಮ್ಮ.

“ಸುಮ್ನ ತಿನ್ನು.”

ಕೆಂಪು ಯಾಕೆ ಎಂದು ಅವನು ಮತ್ತೆ ಕೇಳಲಿಲ್ಲವಾದ್ದರಿಂದ ನಾಗವೇಣಿ ಹೇಳುವುದನ್ನೂ ಮರೆತಳು.

ಆಷಾಢದ ಒಂದು ಮಧ್ಯಾಹ್ನ ಮಳೆಯೂ ಸಮುದ್ರದ ಭರತವೂ ಒಟ್ಟಿಗೆ ಬಂದವು. ಖಾಡಿ ಓಣಿಯೊಳಕ್ಕೆ ನುಗ್ಗಿತು. ಜನ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಶಾಲೆಯ ಮಾಳಿಗೆಗೆ ಓಡಿದರು. ಪಕ್ಕದ ಮನೆಯ ಗಂಡ ಹೆಂಡತಿ ಪಡದಾ ಸರಿಸಿ ಒಳಗೆ ಬಂದರು.

“ಏಳು ಯಕ್ಕಾ, ಕೌದಿಯಾಗ ಹಾಕ್ಕೊಂಡು ಒಯ್ತೀವಿ.”

“ನನಗ ಎತ್ತಿದ್ರ ನಿಮ್ಮ ಕೂಸುಗಳಿಗಿ ಯಾರ ಎತ್ತಬೇಕು? ನಡೀರಿ, ನಡೀರಿ. ನಂದು ಕೆಂಪು ಚುಕ್ಕಿ ಅದ. ದೋಣಿ ಮೊದಲ ನನಗಾ ಬರ್ತದ. ನಿಮಗಿಂತ ಮೊದಲ ಸಾಲಿ ಮುಟ್ಟತೀನಿ ನೋಡ್ರಿ.”

ದೋಣಿ ನಿಜವಾಗಿಯೂ ಮೊದಲು ಅವಳಿಗಾಗಿಯೇ ಬಂತು. ನಕ್ಷೆ ತೋರಿಸಿದ ಜಾಗದಲ್ಲಿ ನಿಂತಿತು. ಮೊಣಕಾಲುದ್ದ ನೀರು, ಮುಚ್ಚಿದ ಶಟರು. ದೋಣಿಯ ಹುಡುಗರು ಕೂಗಿದರು, ಶಟರು ಬಡಿದರು, ನಾಗವೇಣಿಯ ನಂಬರಿಗೆ ಫೋನು ಮಾಡಿದರು.

“ದೀದಿ, ಘರ್ ಕೆ ಸಾಮ್ನೆ ಖಡೇ ಹೈ. ಇಧರ್ ಕೋಯಿ ನಹೀ.”

ಕೆಲಸದಿಂದ ವಾಪಸಾಗುತ್ತಿದ್ದ ನಾಗವೇಣಿ ಠಾಕುರ್ಲಿಯ ಬಳಿ ನಿಂತುಹೋದ ಲೋಕಲಿನಲ್ಲಿದ್ದಳು. ದೋಣಿ ಮನೆಯ ಮುಂದೆಯೇ ನಿಂತಿದೆ, ಅಲ್ಲಿ ಯಾರೂ ಇಲ್ಲ ಎಂದು ಕೇಳಿ ಅವಳ ಜೀವ ಹಗುರಾಯಿತು. ಹಾಗಾದರೆ ಓಣಿಯವರು ಅತ್ತೆಯನ್ನು ಎತ್ತಿಕೊಂಡು ಹೋಗಿದ್ದಾರೆ. ದೋಣಿ ಮುಂದಿನ ಕೆಂಪು ಚುಕ್ಕೆಗೆ ಹೋಯಿತು. ಶಾಲೆಯ ಮಾಳಿಗೆಯಲ್ಲಿದ್ದ ಓಣಿಯವರು ದೋಣಿ ಹೋಗುವುದನ್ನು ಕಂಡು, ಮರಗಮ್ಮ ಅದರಲ್ಲಿದ್ದಾಳೆ ಎಂದುಕೊಂಡರು. ರಸ್ತೆ ಮುಳುಗಿ ಭಿವಂಡಿಯಲ್ಲಿ ಸಿಕ್ಕಿಬಿದ್ದಿದ್ದ ಸೈದಪ್ಪನಿಗೆ ಸೊಸೆಯೇ ಫೋನು ಮಾಡಿ, “ಅತ್ತಿ ಸುರಕ್ಷಿತ ಅದಾಳ,” ಎಂದಳು.

ಮರುದಿನ ನೀರು ಇಳಿದಾಗ ಮರಗಮ್ಮ ಮಂಚದ ಕೆಳಗೆ ಸಿಕ್ಕಳು. ಒಂದು ಕೈ ಪಡದಾವನ್ನು ಹಿಡಿದಿತ್ತು.

ಮೂರನೆಯ ದಿನ ಜಯಲತಾ ಬಂದರು. ದೋಣಿ ಯಾಕೆ ತಪ್ಪಿತು ಎಂದು ಅವರಿಗೂ ತಿಳಿಯಬೇಕಿತ್ತು. ನಕ್ಷೆಯಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬುದು ದಾಖಲಾಗಿರುತ್ತದೆ. ಅವರು ಅದನ್ನು ತೆರೆದು ಎರಡೆರಡು ಸಲ ಓದಿದರು.

“ಏನದ ಅದ್ರಾಗ?” ಎಂದ, ಸುದ್ದಿ ಕೇಳಿ ಲಾರಿ ಬಿಟ್ಟು ಬಂದಿದ್ದ ಅಂಬಾದಾಸ.

“ಚುಕ್ಕೆ ಸರಿಸಿದ್ದಾರೆ. ಹೆಸರು... ನಾಗವೇಣಿ ಅಂತ ಉಂಟು.”

ಊರಿಂದ ಬಂದ ನೆಂಟರ ಸಾಲಿನಲ್ಲಿ ಒಬ್ಬಾಕೆ, ಎಲ್ಲರಿಗೂ ಕೇಳಿಸುವಷ್ಟು ಪಿಸುದನಿಯಲ್ಲಿ, “ಹಾಸಿಗ್ಯಾಗಿನ ಮುದುಕಿ ಸೇವಾ ಎಷ್ಟಂತ ಮಾಡ್ತಾಳ? ಬ್ಯಾಸರ ಆಗಿರ್ತದ,” ಎಂದಳು.

ನಾಗವೇಣಿ ಗಂಡನ ಕಡೆ ನೋಡಿದಳು. ಅಂಬಾದಾಸ ನೆಲ ನೋಡುತ್ತಿದ್ದ.

“ನಾ ಅಲ್ಲ,” ಎಂದಳು. ಅದಕ್ಕಿಂತ ಹೆಚ್ಚಿನ ಸಾಕ್ಷಿ ಅವಳ ಬಳಿ ಇರಲಿಲ್ಲ. ಓಣಿಯೆಲ್ಲ ಬಳಸುವ ಫೋನು, ಅವಳೊಬ್ಬಳ ಹೆಸರು.

ಸೈದಪ್ಪ ಗೋಡೆಗೊರಗಿ ಕೂತಿದ್ದ. ಕೈ ಮೇಲೆತ್ತಿದ.

“ಆ ಬೆರಳು ನಂದು.”

ಅಂಬಾದಾಸ ತಲೆಯೆತ್ತಿ ಅಪ್ಪನನ್ನು ನೋಡಿದ.

“ಕೆಂಪಂದ್ರ ಕೆಡವ್ಲಕ ಬರ್ತಾರ ಅಂತ ತಿಳದೆ. ಇನ್ನೊಮ್ಮಿ ಅಕಿಗಿ ಮಂಚದ ಮ್ಯಾಲಿಟ್ಟು ರಸ್ತಾಕ್ಕ ಒಯ್ಯಬಾರದಂತ ಸರಿಸಿದೆ. ಸೊಸಿಗಿ ಏನೂ ಅನಬ್ಯಾಡ್ರಿ.”

“ಕೆಂಪು ಯಾಕೆ ಅಂತ ನಿಮಗೂ ಹೇಳ್ಬೇಕಿದ್ದದ್ದು ನಾನು,” ಎಂದರು ಜಯಲತಾ. “ಲಾಕ್ ಹಾಕಿಸದೆ ಏಳಬಾರದಿತ್ತು. ನಾನು ಟ್ರೇನು ನೋಡಿದೆ.”

ಸೈದಪ್ಪ ಫೋನನ್ನು ಸೊಸೆಯ ಕೈಗೆ ಕೊಟ್ಟ. “ಲಾಕ್ ಹಾಕವಾ. ನನಗೂ ಹೇಳಬ್ಯಾಡ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಯಾರೋ ಇಂಥ ನಕ್ಷೆ ಮಾಡುತ್ತಿರಬಹುದು. ನೀವೇ ಮಾಡುವವರಾಗಿದ್ದರೆ ಫೋನಿಗೆ ಬೀಗ ಹಾಕಿ. ಅದು ಮನೆಯವರ ಮೇಲಿನ ಅನುಮಾನವಲ್ಲ. ನಿಮ್ಮ ಹೆಸರಿನ ಆ್ಯಪು ತೆರೆದಿರುವಾಗ ಫೋನನ್ನು ಯಾರ ಕೈಗೂ ಕೊಡಬೇಡಿ, ಒಂದೇ ಪಿನ್ನನ್ನು ನಾಲ್ಕು ಜನ ಹಂಚಿಕೊಳ್ಳಬೇಡಿ. ಚುಕ್ಕೆ ಸರಿಸಬೇಕೆಂದರೆ ಆ ಮನೆಯ ಮುಂದೆ ಹೋಗಿ ನಿಂತೇ ಸರಿಸಿ, ಸರಿಸಿದ್ದನ್ನು ಇನ್ನೊಬ್ಬರು ಹೋಗಿ ನೋಡಿ ಒಪ್ಪಲಿ. ನೆಟ್‌ವರ್ಕ್ ಸಿಕ್ಕ ಕೂಡಲೇ ಮಾಹಿತಿ ಕಳಿಸಿಬಿಡಿ. ಫೋನೂ ನೀರಲ್ಲಿ ಮುಳುಗುತ್ತದೆ. ಕೆಂಪು ಚುಕ್ಕೆಗಳ ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಯಾವ ಮನೆಯಲ್ಲಿ ಏಳಲಾರದವರಿದ್ದಾರೆ ಎಂಬುದು ಕಳ್ಳನಿಗೂ ಉಪಯೋಗದ ಸುದ್ದಿ. ಎಲ್ಲಕ್ಕಿಂತ ಮೊದಲು, ಯಾರ ಮನೆಯ ಚುಕ್ಕೆಯೋ ಅವರಿಗೆ ಅದನ್ನು ತೋರಿಸಿ, ಅದು ಯಾಕೆ ಎಂದು ಹೇಳಿ. ಬಂದು ಹೇಳುತ್ತೇನೆ ಎನ್ನಬೇಡಿ. ಚುಕ್ಕೆ ನಿಮ್ಮ ಮನೆಯದಾಗಿದ್ದರೆ, ಕೇಳಿ. ಕೇಳಿದರೆ ಯಾರೂ ಸಣ್ಣವರಾಗುವುದಿಲ್ಲ.

ನಾಗವೇಣಿ ಈ ವರ್ಷ ಓಣಿಯ ಚುಕ್ಕೆಗಳನ್ನೆಲ್ಲ ಹೊಸದಾಗಿ ಇಟ್ಟಳು. ರಜೆಯ ದಿನಗಳಲ್ಲಿ ಸೈದಪ್ಪ ಅವಳ ಜೊತೆ ಹೋಗಿ, ಕೆಂಪು ಎಂದರೆ ಏನು ಎಂದು ಮನೆಮನೆಗೆ ಹೇಳಿದ. ಶ್ರಾವಣದಲ್ಲಿ ಖಾಡಿ ಮತ್ತೆ ಉಕ್ಕಿತು. ದೋಣಿ ಎಲ್ಲ ಕೆಂಪು ಮನೆಗಳಿಗೂ ಹೋಯಿತು. ಯಾರೂ ಸಾಯಲಿಲ್ಲ.